ಬಾಗಿಲ ಮೇಲಿನ ನೀಲಿ ಸುತ್ತು

ಸಿ.ಎಸ್. ಪುರದಾಚೆಯ ಕಾರೇಪಾಳ್ಯಕ್ಕೆ ಬೋರ್ಡಿಲ್ಲದ ಎರಡು ಜೀಪುಗಳು ಬಂದಾಗ ಮಾನಸಾ ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿದ್ದಳು. ಗುಬ್ಬಿಯ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯಲ್ಲಿ ಅವಳು ಬಿಲ್ ಬರೆಯುತ್ತಿದ್ದಳು. ಗಂಡ ಭಾನುಪ್ರಕಾಶ್ ಕುಣಿಗಲ್ ರೂಟಿನ ಬಸ್ ಕಂಡಕ್ಟರ್. ಮುಂಜಾನೆಯೇ ಡ್ಯೂಟಿಗೆ ಹೋಗಿದ್ದ. ಜೀಪಿನಿಂದ ಇಳಿದವರು ಮೂಗು ಬಾಯಿ ಮುಚ್ಚಿಕೊಂಡಿದ್ದರು. ಯಾರ ಹೆಸರನ್ನೂ ಅವರು ಕೇಳಲಿಲ್ಲ. ಬಾಗಿಲಲ್ಲಿ ನಿಂತು, ಒಳಗಿದ್ದವರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಕರೆದರು. ಒಂದನೇ ಕ್ಲಾಸಿನ ಮಗಳು ಇಂಪನಾಳನ್ನೂ ಕರೆದು, ಎಳೆಯ ತೋಳಿನಿಂದ ರಕ್ತ ತೆಗೆದುಕೊಂಡರು. ಯಾತಕ್ಕೆ ಎಂದು ಮಾನಸಾ ಕೇಳಿದ್ದಕ್ಕೆ, ಸುಮ್ಮನೆ ಸರ್ವೇ ಎಂದರು.

ಅದಾದ ಕೆಲವು ದಿನಕ್ಕೆ ಊರಿನ ಕೆಲವು ಬಾಗಿಲುಗಳ ಮೇಲೆ ನೀಲಿ ಸೀಮೆಸುಣ್ಣದ ಸುತ್ತು ಕಾಣಿಸಿತು. ಎಲ್ಲ ಮನೆಗೂ ಇಲ್ಲ. ಮಾನಸಾಳ ಮನೆಗಿತ್ತು, ಎದುರುಮನೆ ಸಿದ್ದಲಕ್ಷ್ಮಮ್ಮನ ಮನೆಗಿರಲಿಲ್ಲ. ಅತ್ತೆ ಚಿಕ್ಕಗಂಗಮ್ಮ ಒದ್ದೆ ಬಟ್ಟೆಯಿಂದ ಒರೆಸಿ ಹಾಕಿದರು. ಮರುದಿನ ಮಧ್ಯಾಹ್ನ ಮನೆಯವರೆಲ್ಲ ಒಳಗೇ ಊಟಕ್ಕೆ ಕುಳಿತಿದ್ದರು. ನಾಯಿ ಬೊಗಳಲಿಲ್ಲ, ಹೆಜ್ಜೆಯ ಸದ್ದೂ ಆಗಲಿಲ್ಲ. ಕೈ ತೊಳೆಯಲು ಹೊರಗೆ ಬಂದರೆ ಬಾಗಿಲ ಮೇಲೆ ಸುತ್ತು ಮತ್ತೆ ಇತ್ತು. ಮುದುಕಿ ಅದನ್ನು ಇನ್ನು ಮುಟ್ಟುವ ಧೈರ್ಯ ಮಾಡಲಿಲ್ಲ.

ಆಮೇಲೆ ವಾರ ವಾರ ಒಬ್ಬ ಹೆಂಗಸು ಬರತೊಡಗಿದಳು. ಸುತ್ತು ಇದ್ದ ಮನೆಗಳ ಎದುರು ನಿಂತು, ಮಗು ಚೆನ್ನಾಗಿ ನಿದ್ದೆ ಮಾಡುತ್ತದೆಯೇ, ಹೊಟ್ಟೆನೋವು ಎನ್ನುತ್ತದೆಯೇ ಎಂದು ವಿಚಾರಿಸಿ ಹೋಗುತ್ತಿದ್ದಳು. ತಿರುಗಿ ಕೇಳಿದರೆ, ನನಗೇನೂ ಗೊತ್ತಿಲ್ಲ, ಕೇಳಿಕೊಂಡು ಬಾ ಅಂದಿದ್ದಾರೆ, ಅಷ್ಟೆ ಎನ್ನುತ್ತಿದ್ದಳು.

ಊರು ತಾನಾಗಿಯೇ ಎರಡಾಯಿತು. ಸುತ್ತು ಇದ್ದ ಮನೆಯ ಮಕ್ಕಳನ್ನು ಶಾಲೆಯಲ್ಲಿ ಕಿಟಕಿಯ ಪಕ್ಕ ಬೇರೆ ಕೂರಿಸಿದರು. ಸಿದ್ದಲಕ್ಷ್ಮಮ್ಮ ಹೆಪ್ಪಿಗೆ ಮಜ್ಜಿಗೆ ಕೇಳಲು ಬರುವುದನ್ನು ಬಿಟ್ಟರು. ಭಾನುಪ್ರಕಾಶನ ತಂಗಿಗೆ ಕುಣಿಗಲ್ಲಿನಲ್ಲಿ ಗೊತ್ತಾಗಿದ್ದ ಸಂಬಂಧ ತಪ್ಪಿಹೋಯಿತು. ನಿಮ್ಮ ಬಾಗಿಲ ಮೇಲೆ ಅದೇನೋ ಗುರುತು ಇದೆಯಂತಲ್ಲ ಎಂದಷ್ಟೇ ಗಂಡಿನ ಕಡೆಯವರು ಫೋನಿನಲ್ಲಿ ಹೇಳಿದ್ದು. ಅದೇ ಹೊತ್ತಿಗೆ ಮಾನಸಾ ಇನ್ನೊಂದನ್ನು ಕಂಡಳು. ಇಂಪನಾ ಹಿತ್ತಿಲ ಗೋಡೆಯನ್ನು ಉಗುರಿನಿಂದ ಕೆರೆದು ಮಣ್ಣು ತಿನ್ನುತ್ತಿದ್ದಳು. ಬೈದರೂ ಬಿಡಲಿಲ್ಲ. ಮಾನಸಾ ಇದನ್ನು ಗಂಡನಿಗೂ ಹೇಳಲಿಲ್ಲ. ಹೇಳಿದರೆ ಏನೋ ನಿಜವಾಗಿಬಿಡುತ್ತದೆ ಎಂಬ ಭಯ.

ರಕ್ತ ಯಾಕೆ ತೆಗೆದರು, ಸುತ್ತು ಯಾಕೆ ಎಂದು ಕೇಳಿ ಅವಳು ಜಿಲ್ಲಾ ಆರೋಗ್ಯ ಇಲಾಖೆಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದಳು. ಬಹಿರಂಗಪಡಿಸಿದರೆ ಸಾರ್ವಜನಿಕರಲ್ಲಿ ಆತಂಕ ಉಂಟಾಗುವ ಸಂಭವವಿರುವುದರಿಂದ ಮಾಹಿತಿ ನೀಡಲು ಬರುವುದಿಲ್ಲ ಎಂದು ಉತ್ತರ ಬಂತು. ಮೇಲ್ಮನವಿ ಸಲ್ಲಿಸಿದಳು. ವಿಚಾರಣೆಗೆ ತುಮಕೂರಿಗೆ ಕರೆದರು.

ಶಿರಾ ಗೇಟಿನಲ್ಲಿ ಬಸ್ಸಿಳಿದು ಅವಳು ಇಲಾಖೆಯ ಕಚೇರಿಗೆ ನಡೆದು ಹೋದಳು. ಮೇಲ್ಮನವಿ ಕೇಳುವ ಅಧಿಕಾರಿ ಅನಂತರಾಜು ಸೌಮ್ಯ ಮನುಷ್ಯ. ಕೂರಿಸಿ, ನೀರು ತರಿಸಿ, ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಆಮೇಲೆ, “ಗೊತ್ತಾಗ್ದೆ ಇರೋದೇ ನಿಮಗೆ ನೆಮ್ಮದಿ ಕಣಮ್ಮ. ಹೇಳಿದ್ರೆ ಊರಿಗೂರೇ ಗಾಬರಿ ಬೀಳ್ತದೆ” ಎಂದರು.

“ನನ್ನ ಮಗಳ ರಕ್ತ ಸಾರ್ ಅದು. ಅದರಲ್ಲಿ ಏನಿದೆ ಅಂತ ನಿಮಗೆ ಗೊತ್ತು, ನಿಮ್ಮ ಮೇಲಿನೋರಿಗೆ ಗೊತ್ತು. ಹೆತ್ತೋಳಿಗೆ ಗೊತ್ತಾಗಬಾರ್ದಾ?”

ಅವರು ಫೈಲು ಮುಚ್ಚಿದರು. ಅವಳು ಎದ್ದು ಬಾಗಿಲವರೆಗೆ ಹೋಗಿದ್ದಳು. ಹಿಂದಿನಿಂದ ಅವರ ದನಿ ಮೆತ್ತಗೆ ಕೇಳಿಸಿತು. “ಮಗು ಮಣ್ಣು ತಿನ್ನುತ್ತಾ?”

ಮಾನಸಾ ಅಲ್ಲೇ ನಿಂತಳು. ತಿರುಗಿ ನೋಡಿದರೆ ಅನಂತರಾಜು ಕಿಟಕಿಯಾಚೆ ನೋಡುತ್ತಿದ್ದರು, ಕೇಳಿದ್ದು ತಾವಲ್ಲವೇನೋ ಎಂಬಂತೆ. ಹೊರಗೆ ಸುಡುಬಿಸಿಲು, ಆಟೋಗಳ ಗದ್ದಲ. ತನ್ನ ಹಿತ್ತಿಲಿನಲ್ಲಿ ನಡೆಯುವುದು ತಾನು ಕಾಣುವ ಮೊದಲೇ ಈ ಕೋಣೆಗೆ ತಿಳಿದಿತ್ತು. ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಒಂದು ಅಂಗಡಿಗೆ ನುಗ್ಗಿ ನೀಲಿ ಸೀಮೆಸುಣ್ಣದ ಡಬ್ಬಿ ಕೊಂಡಳು.

ಊರಿಗೆ ಬಂದವಳೇ ಸಿದ್ದಲಕ್ಷ್ಮಮ್ಮನ ಬಾಗಿಲು ತಟ್ಟಿದಳು. “ದೊಡ್ಡಮ್ಮ, ನಿಮ್ಮ ಬಾಗಿಲಿಗೂ ಸುತ್ತು ಹಾಕ್ತೀನಿ. ಎಲ್ಲಾರ ಬಾಗಿಲಿಗೂ ಹಾಕಣ, ಊರಲ್ಲಿ ಎರಡು ತರ ಮನೆ ಬ್ಯಾಡ. ಅವರು ಬಂದು ಕೇಳಿದ್ರೆ ಯಾರೂ ಬಾಯಿ ಬಿಡದು ಬ್ಯಾಡ, ಕೈ ಕೊಡದು ಬ್ಯಾಡ. ಮೊದಲು ಅವರು ಹೇಳ್ಲಿ.”

ಅವರು ಬೈದು ಕಳಿಸುತ್ತಾರೆಂದು ಮಾನಸಾ ಅಂದುಕೊಂಡಿದ್ದಳು. ಸಿದ್ದಲಕ್ಷ್ಮಮ್ಮ ಹೊಸ್ತಿಲು ದಾಟಿ ಹೊರಗೆ ಬಂದರು. “ನಮ್ಮನೆಗೆ ಯಾಕೆ ಹಾಕ್ಲಿಲ್ಲ ಅಂತ ದಿನಾ ಎದೆ ಹೊಡ್ಕತದೆ ಕಣವ್ವ. ಸಾಯೋರು ಹಾಕಿರೋ ಮನೆಯೋರೋ, ಹಾಕ್ದಿರೋ ಮನೆಯೋರೋ, ಯಾರ್ ಬಲ್ಲರು? ಕೊಡಿಲ್ಲಿ” ಎಂದು ಸೀಮೆಸುಣ್ಣ ಇಸಿದುಕೊಂಡು ತಾವೇ ಗೀಚಿದರು. ಸಂಜೆಯೊಳಗೆ ಸುತ್ತು ಇಲ್ಲದ ಬಾಗಿಲು ಊರಿನಲ್ಲಿ ಉಳಿಯಲಿಲ್ಲ.

ಮುಂದಿನ ಸಲ ಜೀಪುಗಳು ಮತ್ತೆ ರಕ್ತ ತೆಗೆಯಲು ಬಂದವು. ಇಳಿದವರು ಬೀದಿಯುದ್ದಕ್ಕೂ ಬಾಗಿಲುಗಳನ್ನು ನೋಡುತ್ತ ನಿಂತುಬಿಟ್ಟರು. ಹೆಸರು ಹಿಡಿದು ಕರೆದರು; ಯಾರೂ ಓಗೊಡಲಿಲ್ಲ. ಜನ ಜಗುಲಿಗಳ ಮೇಲೆ ಸೆರಗಿನೊಳಗೆ, ಟವೆಲಿನೊಳಗೆ ಕೈ ಸೇರಿಸಿಕೊಂಡು ಮೌನವಾಗಿ ಕುಳಿತಿದ್ದರು. ಮಕ್ಕಳೂ ಪಿಟಕ್ಕೆನ್ನಲಿಲ್ಲ. ಬಂದವರಿಗೇ ಈಗ ಹೆದರಿಕೆಯಾದಂತಿತ್ತು. ಬೇಗ ಬೇಗ ಜೀಪು ಹತ್ತಿದರು. ಇನ್ನೆರಡು ಸಲ ಹೀಗೆಯೇ ಆಯಿತು.

ಕೊನೆಗೆ ಅನಂತರಾಜು ಅವರೇ ಬಂದು ಶಾಲೆಯ ಅಂಗಳದಲ್ಲಿ ಊರವರ ಮುಂದೆ ನಿಂತು ಎಲ್ಲವನ್ನೂ ಹೇಳಿದರು. ಊರ ಹೊರಗಿನ ಒಂದು ಶೆಡ್ಡಿನಲ್ಲಿ ಯಾರೋ ಹಳೆಯ ಬ್ಯಾಟರಿಗಳನ್ನು ಒಡೆದು ಸೀಸ ಕರಗಿಸುತ್ತಿದ್ದರು. ಅದರ ಧೂಳು ಮಣ್ಣಿಗೆ ಇಳಿದಿತ್ತು, ಮಕ್ಕಳ ರಕ್ತಕ್ಕೆ ಸೇರಿತ್ತು. ಸುತ್ತು ಹಾಕಿದ್ದು ಮಕ್ಕಳ ರಕ್ತದಲ್ಲಿ ಸೀಸ ಹೆಚ್ಚು ಸೇರಿದ್ದ ಮನೆಗಳಿಗೆ. ಇದು ಅಂಟುವ ರೋಗವಲ್ಲ. ಮೊದಲ ವಾರವೇ ತಿಳಿದಿತ್ತು ಎಂದು ಅವರು ತಲೆ ತಗ್ಗಿಸಿ ಹೇಳಿದರು. ಅವರಿಗೆ ತಿಳಿದ ಮೇಲೂ ಇಷ್ಟು ದಿನ ಇಂಪನಾ ಆ ಗೋಡೆಯನ್ನು ಕೆರೆಯುತ್ತಲೇ ಇದ್ದಳು ಎಂದು ಮಾನಸಾ ನೆನೆದಳು. ಅಳು ಬರಲಿಲ್ಲ. ಮಗಳನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.

ಮಕ್ಕಳನ್ನು ತುಮಕೂರಿನ ಆಸ್ಪತ್ರೆಗೆ ಕರೆದೊಯ್ಯುವುದೆಂದು ಅಲ್ಲೇ ತೀರ್ಮಾನವಾಯಿತು. ಯುಗಾದಿಯ ಹೊತ್ತಿಗೆ ಇಂಪನಾ ಮಣ್ಣು ತಿನ್ನುವುದನ್ನು ಬಿಟ್ಟಳು. ಸೀಸದಿಂದಾಗಿ ಅವಳು ಓದಿನಲ್ಲಿ ಹಿಂದೆ ಬಿದ್ದದ್ದು ಪೂರ್ತಿ ಸರಿಹೋಗುತ್ತದೆಂದು ಮಾತ್ರ ಡಾಕ್ಟರು ಮಾತು ಕೊಟ್ಟಿಲ್ಲ.

ಶಾಲೆಯ ಅಂಗಳದಿಂದ ಆ ದಿನ ಅನಂತರಾಜು ಹೊರಟಾಗ, ಶೆಡ್ಡು ಯಾರದು ಸಾರ್ ಎಂದು ಭಾನುಪ್ರಕಾಶ್ ಕೇಳಿದ್ದ. ಅದು ತನಿಖೆಯಲ್ಲಿದೆ, ಈಗ ಹೇಳುವಂತಿಲ್ಲ ಎಂದರು ಅವರು. ಯಾರೂ ಜಗಳ ತೆಗೆಯಲಿಲ್ಲ, ಎದ್ದೂ ಹೋಗಲಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಇಡೀ ಊರು ಅವರನ್ನೇ ನೋಡುತ್ತ ಕುಳಿತಿತ್ತು. ಅನಂತರಾಜು ಕಾರಿನ ಬಾಗಿಲ ಮೇಲೆ ಕೈಯಿಟ್ಟುಕೊಂಡು, ತೆರೆಯಲಾಗದೆ ನಿಂತೇ ಇದ್ದರು.