ಮ್ಯಾಚಿಂಗ್ ಅಲ್ಲದ ತಂತಿ

ಲಾಂಡ್ರಿಯ ದೊಡ್ಡ ಯಂತ್ರದ ಸ್ಟೀಲ್ ಡ್ರಮ್ಮು ತನ್ನನ್ನು ತಿರುಗಿಸುವ ಕಬ್ಬಿಣದ ಶಾಫ್ಟಿನ ಸಮೇತ ವೆಲ್ಡಿಂಗ್ ಶೆಡ್ಡಿನ ಮೇಜಿನ ಮೇಲೆ ಕೂತಿತ್ತು. ಎರಡನ್ನೂ ಕೂಡಿಸಿ ನಿನ್ನೆ ಹಾಕಿದ ಬೆಸುಗೆಯುದ್ದಕ್ಕೂ ಕೂದಲೆಳೆಯಂಥ ಬಿರುಕು. ತಪ್ಪು ಲಾಂಡ್ರಿಯವಳದೇ. ವೆಲ್ಡಿಂಗ್ ಮಾಡುವ ಅವಳ ಅತ್ತಿಗೆ ‘ಸರಿಯಾದ ತಂತಿ ನಾಳೆ ಬರುತ್ತೆ, ತಡ್ಕೋ’ ಎಂದಿದ್ದಳು. ‘ಸ್ಟೀಲಿಗೆ ಸ್ಟೀಲ್ ತಂತಿ ಹಾಕಿ ಮುಗ್ಸಿ, ಮ್ಯಾಚಿಂಗ್ ಆಗುತ್ತೆ’ ಎಂದು ದುಂಬಾಲು ಬಿದ್ದವಳು ಇವಳು.

ಅತ್ತಿಗೆ ಗ್ರೈಂಡರ್ ಹಿಡಿದು ಬಿರುಕನ್ನು ಉಜ್ಜಿ ತೆಗೆಯುವಷ್ಟರಲ್ಲಿ ತಗಡು ತೆಳ್ಳಗಾಗಿತ್ತು.

"ಇನ್ನೊಂದ್ಸಲ ಉಜ್ಜೋಕೆ ಇಲ್ಲೇನೂ ಉಳಿದಿಲ್ಲ ಕಣೇ. ಈ ಸಲ ಬೆಸುಗೆ ನಿಂತ್ರೆ ನಿಂತ ಹಾಗೆ."

ಆ ಹಳೇ ಯಂತ್ರಕ್ಕೆ ಬೇರೆ ಡ್ರಮ್ಮು ಎಲ್ಲೂ ಸಿಗುವುದಿಲ್ಲ. ಇದು ಹೋದರೆ ಅಂಗಡಿಗೆ ಬೀಗ. ಹೆದರಿಕೆಯಾದಾಗೆಲ್ಲ ಯಾರದಾದರೂ ಧ್ವನಿ ಅಣಕಿಸುವುದು ಲಾಂಡ್ರಿಯವಳ ಚಾಳಿ. ಈಗ ಅವಳ ಬಾಯಿಂದ, ಚಾದರ ಒಗೆಯಲು ಕೊಟ್ಟ ಹೋಟೆಲ್ ಮ್ಯಾನೇಜರನ ಮೂಗುಧ್ವನಿ ಹೊರಟಿತು: "ಏನಮ್ಮಾ, ನಮ್ಮ ಚಾದರಗಳು ಸ್ನಾನಕ್ಕೆ ಹೋದವೋ, ಸನ್ಯಾಸಕ್ಕೆ ಹೋದವೋ?"

"ನಾಟಕ ಸಾಕು, ಈ ಕಡೆ ಬಾ." ಅತ್ತಿಗೆ ಹೊಸ ತಂತಿ ಎತ್ತಿ ಹಿಡಿದಳು. "ಇದು."

"ಇದೂ ಸ್ಟೀಲಿನ ಹಾಗೇ ಇದೆಯಲ್ಲ!"

"ಇದ್ರಲ್ಲಿ ಕ್ರೋಮಿಯಂ, ನಿಕ್ಕಲ್ ಜಾಸ್ತಿ. ಒದ್ದೆ ಬಟ್ಟೆಗೆ ಬಣ್ಣ ಹಾಕುವಾಗ ನೀನೇನ್ ಮಾಡ್ತೀಯ?"

"ಗಟ್ಟಿಯಾಗಿ ಕಲಸ್ತೀನಿ. ಬಟ್ಟೇಲಿರೋ ನೀರು ಸೇರಿ ತೆಳುವಾಗುತ್ತಲ್ಲ."

"ಇಲ್ಲಿ ಕಬ್ಬಿಣಾನೇ ನೀರು. ಕರಗಿ ಬಂದು ಸೇರ್ಕೊಳ್ಳುತ್ತೆ. ನಿನ್ನ ಮ್ಯಾಚಿಂಗ್ ತಂತಿ ತೆಳುವಾಗಿ ಗಾಜಿನ ಹಾಗೆ ಪೆಡಸಾಯ್ತು. ಈ ಹೊಸ ತಂತಿ ಅಷ್ಟು ನೀರು ಕುಡಿದ್ರೂ ಗಟ್ಟಿಗಿತ್ತಿ."

ಲಾಂಡ್ರಿಯವಳಿಗೂ ಒಂದು ಕಪ್ಪುಗಾಜಿನ ಮುಖವಾಡ ಸಿಕ್ಕಿತು. ಒಳಗೆಲ್ಲ ಕತ್ತಲೆ. ಕಿಡಿ ಹೊತ್ತಿದ್ದೇ ತಡ, ಆ ಕತ್ತಲೆಯ ನಡುವೆ ಒಂದು ಪುಟ್ಟ ಕೊಳ ತೆರೆದುಕೊಂಡಿತು, ಹಸಿರಾಗಿ ಹೊಳೆಯುತ್ತ, ಅಂಚಿನಲ್ಲಿ ನಡುಗುತ್ತ. ಒಂದು ದಡ ಕಬ್ಬಿಣ, ಇನ್ನೊಂದು ಸ್ಟೀಲು. ಎರಡೂ ಮೆತ್ತಗೆ ಒಳಕ್ಕೆ ಜಾರಿದವು. ತಂತಿಯ ತುದಿ ಹನಿಯಾಗಿ ಬಿದ್ದಾಗಲೆಲ್ಲ ಕೊಳ ಉಬ್ಬಿ, ಒಂದು ಹೆಜ್ಜೆ ಮುಂದಿಟ್ಟು, ಹಿಂದೆ ಮೀನಿನ ಹುರುಪೆಯಂಥ ಗೆರೆ ಬಿಡುತ್ತಿತ್ತು. ಯಾವುದು ಎಲ್ಲಿ ಮುಗಿಯಿತು, ಯಾವುದು ಎಲ್ಲಿ ಶುರುವಾಯಿತು? ಅವಳು ಹುಡುಕಿ ಸೋತಳು. ಇಷ್ಟು ವರ್ಷ ಅತ್ತಿಗೆಯನ್ನು ‘ಕಿಡಿ ಕಾರುವವಳು’ ಎಂದು ಆಡಿಕೊಂಡಿದ್ದೇ ಬಂತು. ಕಿಡಿಯೊಳಗೆ ಇಂಥದ್ದೊಂದು ಇದೆಯೆಂದು ಯಾರು ಕಂಡಿದ್ದರು!

ಕಿಡಿ ಆರಿತು. ಅತ್ತಿಗೆ ಫ್ಯಾನ್ ಆಫ್ ಮಾಡಿದಳು. "ತಣ್ಣಗಾಗ್ತಾ ಬಿರಿದ್ರೆ ‘ಟಿಣ್’ ಅನ್ನುತ್ತೆ. ಕೇಳು."

ಇಬ್ಬರೂ ಬಗ್ಗಿ ಕಿವಿಗೊಟ್ಟರು. ಊರನ್ನೇ ಅಣಕಿಸುವ ಬಾಯಿ ಉಸಿರನ್ನೂ ಬಿಗಿಹಿಡಿದಿತ್ತು. ಬೆಸುಗೆಯ ಕೆಂಪು ಇಳಿದು, ಅಂಚಿನಲ್ಲಿ ಬಂಗಾರ, ನೇರಳೆ, ನೀಲಿ ಬಣ್ಣಗಳು ಮೂಡಿ ನಿಂತವು. ಸದ್ದಿಲ್ಲ. ಮತ್ತೂ ಸದ್ದಿಲ್ಲ. ಪೂರ್ತಿ ತಣ್ಣಗಾದ ಮೇಲೆ ಅತ್ತಿಗೆ ಬರಿಗೈಯಿಟ್ಟು ಸವರಿದಳು, ಟಾರ್ಚ್ ಹಿಡಿದು ಸುತ್ತಲೂ ನೋಡಿದಳು.

"ನಿಂತಿದೆ. ತಗೊಂಡ್ಹೋಗಿ ಕೂರಿಸು."

ಲಾಂಡ್ರಿಯವಳು ಕದಲಲಿಲ್ಲ.

"ಅತ್ತಿಗೆ, ಇನ್ನೊಂದೇನಾದ್ರೂ ಬೆಸೀರಿ. ಯಾವ ಗುಜರಿ ಆದ್ರೂ ಸರಿ. ನಾನ್ ನೋಡ್ಬೇಕು."