ಓಡೋ ಬ್ಯಾಂಡು

ನ್ಯಾಮತಿಯ ಆ ಮದುವೆಯಲ್ಲಿ ಮದುಮಗ ಮುಹೂರ್ತಕ್ಕೆ ಬಹಳ ಮೊದಲೇ ಚಪ್ಪರ ತಲುಪಿಬಿಟ್ಟ. ಆಂಜನೇಯನ ಗುಡಿಯಿಂದ ಹೆಣ್ಣಿನ ಮನೆಗೆ ಎರಡು ಫರ್ಲಾಂಗು. ಅಷ್ಟು ದೂರವನ್ನು ತಾಸುಗಟ್ಟಲೆ ನಡೆಯುವುದೇ ಮೆರವಣಿಗೆಯ ಮರ್ಯಾದೆ. ಬ್ಯಾಂಡಿನವರು ಮಾತ್ರ ಕಾಫಿ ಆರುವುದರೊಳಗೆ ಮುಗಿಸಿದ್ದರು. ಹೆಣ್ಣಿನವರು ಇನ್ನೂ ತೋರಣ ಕಟ್ಟುತ್ತಿದ್ದರು, ಅಯ್ನೋರು ಸ್ನಾನಕ್ಕೆ ಹೋಗಿದ್ದರು, ಮದುಮಗಳ ಜಡೆ ಅರ್ಧ ಹೆಣೆದಿತ್ತು. ಹಿಂದೆ ಬಿದ್ದ ಹಿರಿಯರು ಪಂಚೆ ಎತ್ತಿ ಹಿಡಿದುಕೊಂಡು, ಏದುಸಿರು ಬಿಡುತ್ತಾ ಒಬ್ಬೊಬ್ಬರಾಗಿ ಬಂದು ಸೇರಿಕೊಂಡರು.

ಮೆರವಣಿಗೆಗೆ ಕರೆದರೆ ದನ ಅಟ್ಟಿದ ಹಾಗೆ ಅಟ್ಟಿದಿರಲ್ಲೋ ಎಂದು ಹುಡುಗನ ಸೋದರಮಾವ ಬಾಯಿಗೆ ಬಂದಂತೆ ಬೈದ. ಅಂದಿನಿಂದ ಅವರಿಗೆ ಓಡೋ ಬ್ಯಾಂಡು ಎಂದು ಹೆಸರು ಬಿತ್ತು. ಅವರಾಗಿ ಇಟ್ಟುಕೊಂಡಿದ್ದ ಹೆಸರು ಬೇರೆ ಏನೋ ಇತ್ತು, ಅದನ್ನು ಅವರೂ ಮರೆತರು.

ಇದು ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರ ಬೇಸಿಗೆ. ಬ್ಯಾಂಡು ಎಂದರೆ ಮೂರೇ ಜನ. ತುತ್ತೂರಿ ಊದುವವನು ಸವಳಂಗದ ಧರ್ಮಪ್ಪ. ಬ್ಯಾಂಡು ಕಟ್ಟಿದವನೂ ಅವನೇ, ಆದ್ದರಿಂದ ಬೈಸಿಕೊಳ್ಳುವ ಹಕ್ಕೂ ಮೊದಲು ಅವನದೇ. ಅವನ ತುತ್ತೂರಿ ಶಿವಮೊಗ್ಗದ ಗುಜರಿಯಲ್ಲಿ ಸಿಕ್ಕಿದ್ದು, ಒಂದು ಕಡೆ ನೆಗ್ಗಿತ್ತು. ಬೋರಣ್ಣನ ಕ್ಲಾರಿನೆಟ್ಟಿನ ಸಡಿಲವಾದ ಕೀಲಿಗೆ ಸೈಕಲ್ ಟ್ಯೂಬಿನ ರಬ್ಬರು ಸುತ್ತಿತ್ತು. ಡ್ರಮ್ಮು ತರುವ ತಾಕತ್ತಿರಲಿಲ್ಲ, ಹಾಗಾಗಿ ಧರ್ಮಪ್ಪನ ಓರಗೆಯ ಗೆಳೆಯ ಮೂಕಪ್ಪ ಹಲಿಗೆಯನ್ನೇ ಹೆಗಲಿಗೆ ತಗಲಿಸಿಕೊಂಡು ಬಂದ. ಮೂಕಪ್ಪ ಎಂದು ಹೆಸರಿಟ್ಟವರು ಅವನ ಬಾಯಿ ನೋಡಿರಲಿಲ್ಲ. ಹಾಡು ಕಟ್ಟುವವನೂ ಅವನೇ, ಕೂಗುವವನೂ ಅವನೇ.

ಮೂವರಲ್ಲಿ ಯಾರೂ ಯಾರ ಹತ್ತಿರವೂ ನೆಟ್ಟಗೆ ಬ್ಯಾಂಡು ಕಲಿತವರಲ್ಲ. ಸಿನಿಮಾ ಹಾಡು ಒಂದೂ ಪೂರ್ತಿ ಬರುತ್ತಿರಲಿಲ್ಲ. ಆದರೆ ಧರ್ಮಪ್ಪ ಬೇಗನೇ ಒಂದು ಗುಟ್ಟು ಕಂಡುಕೊಂಡಿದ್ದ. ನಿಧಾನ ಊದಿದರೆ ತಪ್ಪು ಊರಿಗೆಲ್ಲ ಕೇಳುತ್ತದೆ. ಬಿರುಸಾಗಿ ಊದಿದರೆ ಒಂದು ತಪ್ಪು ಕಿವಿಗೆ ಬೀಳುವಷ್ಟರಲ್ಲಿ ಹಿಂದಿನಿಂದ ಇನ್ನೊಂದು ತಪ್ಪು ಬಂದು ಅದನ್ನು ತಳ್ಳಿಕೊಂಡು ಹೋಗುತ್ತದೆ. ಮೂಕಪ್ಪನ ಕೈಗಂತೂ ನಿಧಾನವೆಂಬುದೇ ಗೊತ್ತಿರಲಿಲ್ಲ. ಸೋಗೆ ಉರಿಸಿ, ಹಲಿಗೆ ಕಾಯಿಸಿ, ಬಿಗಿ ಬಂದ ಮೇಲೆ ನಾಲ್ಕು ಏಟು ಹಾಕಿದನೆಂದರೆ ಪಕ್ಕದ ಬೀದಿಯ ದನ ಕಣ್ಣಿ ಕಿತ್ತುಕೊಳ್ಳುತ್ತಿದ್ದವು.

ಆ ಕೈಯನ್ನು ತಿದ್ದಿದವನು ಧರ್ಮಪ್ಪನ ಅಪ್ಪ ಗುತ್ಯಪ್ಪ. ಊರಿನ ಸಾವಿಗೆ, ಡಂಗುರಕ್ಕೆ, ಮಾರಿ ಹಬ್ಬಕ್ಕೆ ಹಲಿಗೆ ಬಾರಿಸುವುದು ತಲೆತಲಾಂತರದಿಂದ ಅವನ ಮನೆಯ ಪಾಲು. ಮಗನಿಗೆ ಕಲಿಸಬೇಕೆಂದು ಬಹಳ ಆಸೆಪಟ್ಟ. ಮಗ ಮುಟ್ಟಲಿಲ್ಲ. ಶಾಲೆಗೆ ಹೋಗುತ್ತಿದ್ದಾಗ ಒಮ್ಮೆ ಹೋಟೆಲಿನಲ್ಲಿ ಯಾರ ಮಗನೋ ಎಂದು ಕೇಳಿದ್ದರು. ಹಲಿಗೆ ಗುತ್ಯಪ್ಪನ ಮಗ ಎಂದದ್ದೇ ತಡ, ಮುಂದೆ ಬಂದಿದ್ದ ಗಾಜಿನ ಲೋಟ ಹಿಂದಕ್ಕೆ ಹೋಗಿ ತೆಂಗಿನ ಚಿಪ್ಪು ಬಂದಿತ್ತು. ಆವತ್ತಿನಿಂದ ಧರ್ಮಪ್ಪನಿಗೆ ಒಂದೇ ಹಟ. ಯಾರ ಮಗ ಎಂದು ಯಾರೂ ಕೇಳದ ಹಾಗೆ ಬದುಕಬೇಕು. ದಾವಣಗೆರೆಯಲ್ಲಿ ಕೆಂಪು ಕೋಟು, ಜರಿಪಟ್ಟಿ, ಟೋಪಿ ಹಾಕಿದ ಬ್ಯಾಂಡಿನವರನ್ನು ನೋಡಿದಾಗ ಅವನಿಗೆ ದಾರಿ ಹೊಳೆಯಿತು. ಅಂಥವರನ್ನು ಜನ ಬ್ಯಾಂಡಿನವರು ಎನ್ನುತ್ತಾರೆ, ಅಷ್ಟಕ್ಕೇ ಬಿಡುತ್ತಾರೆ. ಮಗ ಬೇಡವೆಂದ ವಿದ್ಯೆಯನ್ನು ಗುತ್ಯಪ್ಪ ಮೂಕಪ್ಪನಿಗೆ ಧಾರೆ ಎರೆದ. ಕಣ್ಣು ಮಂಜಾದ ಮೇಲೆ ತನ್ನ ಹಲಿಗೆಯನ್ನೂ ಅವನಿಗೇ ಕೊಟ್ಟ.

ನ್ಯಾಮತಿಯಲ್ಲಿ ಬೈಸಿಕೊಂಡರೂ ಬ್ಯಾಂಡು ನಿಲ್ಲಲಿಲ್ಲ. ಹಿರಿಯರು ಎಷ್ಟು ಬೈದರೋ ಹುಡುಗರು ಅಷ್ಟು ಮೆಚ್ಚಿದರು. ಹೊನ್ನಾಳಿಯ ಕಾಲೇಜು ಹುಡುಗರು ಗಣಪತಿ ಬಿಡಲು ಕರೆದು, ಹೊಳೆ ದಂಡೆಯ ತನಕ ಅಂಗಿ ಹರಿಯುವ ಹಾಗೆ ಕುಣಿದರು. ಹಾಡು ಬರದಿದ್ದರೆ ತಾನೇ ಕಟ್ಟಿದರಾಯಿತು ಎನ್ನುವುದು ಮೂಕಪ್ಪನ ವಾದ. ಸರ್ಕಾರಿ ಬಸ್ಸು ಅವರ ಕೇರಿಯ ಹತ್ತಿರ ಕೈ ಮಾಡಿದರೂ ನಿಲ್ಲದೆ ಧೂಳೆಬ್ಬಿಸಿ ಹೋಗುತ್ತಿತ್ತು, ಅದರ ಮೇಲೆ ಒಂದು ಹಾಡಾಯಿತು. "ನಿಲ್ಸೋ ನಿಲ್ಸೋ ಡ್ರೈವರಣ್ಣ, ನಮ್ಮ ಕೇರಿಗೂ ದಾರಿ ಐತೆ" ಎಂದು ಅವನು ಗಂಟಲು ಹರಿದು ಕೂಗಿದರೆ, ಕೇರಿ ಯಾವುದೆಂದು ಗೊತ್ತಿಲ್ಲದ ಹುಡುಗರೂ ಜೊತೆಗೆ ಕೂಗುತ್ತಿದ್ದರು. ಸಾಸ್ವೆಹಳ್ಳಿಯಲ್ಲಿ ಹೋಟೆಲಿನ ಚಿಪ್ಪಿನ ಮೇಲೆ ಕಟ್ಟಿದ ಹಾಡು ಹಾಡಿದಾಗ ಮಾತ್ರ ಹೋಟೆಲಿನವನು ಲೋಟ ತೊಳೆದ ನೀರನ್ನು ಬಕೆಟ್ಟಿನಿಂದಲೇ ಎರಚಿದ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಅಂತಾರಲ್ಲ, ಹಾಗೆ. ಮೂಕಪ್ಪ ನಗುತ್ತಲೇ ಹಲಿಗೆ ಒರೆಸಿಕೊಂಡ. ಧರ್ಮಪ್ಪ ಮಾತ್ರ ಒದ್ದೆ ಅಂಗಿಯಲ್ಲಿ ನಿಂತು, ಮೈಮೇಲೆ ಕೋಟಿದ್ದಿದ್ದರೆ ಹೀಗೆ ಎರಚುತ್ತಿದ್ದರೇ ಎಂದು ಯೋಚಿಸುತ್ತಿದ್ದ.

ಎಂಬತ್ತೆರಡರಲ್ಲಿ ಚನ್ನಗಿರಿ ಕಡೆಯ ನಲ್ಲೂರಿನಿಂದ ಕರೆ ಬಂತು. ಅಡಿಕೆ ವ್ಯಾಪಾರಿ ಪಂಚಾಕ್ಷರಪ್ಪನ ಮಗನ ಮದುವೆ. ಹೊನ್ನಾಳಿಯಲ್ಲಿ ಓದಿದ ಆ ಹುಡುಗ ಓಡೋ ಬ್ಯಾಂಡೇ ಬೇಕೆಂದು ಪಟ್ಟು ಹಿಡಿದಿದ್ದ. ಪಂಚಾಕ್ಷರಪ್ಪ ಒರಟನಲ್ಲ. ಧರ್ಮಪ್ಪನನ್ನು ಕಟ್ಟೆಯ ಮೇಲೆ ಕೂರಿಸಿ, ನಯವಾಗಿಯೇ ಮಾತಾಡಿದ. ಕೋಟು, ಟೋಪಿ ತಾನೇ ಹೊಲಿಸಿಕೊಡುತ್ತೇನೆಂದ. ಆಮೇಲೆ ಒಂದೇ ಒಂದು ಮಾತು ಸೇರಿಸಿದ.

"ಹಲಿಗೆ ಒಂದು ಬ್ಯಾಡಪ್ಪ. ಸಾವಿಗೆ ಬಾರ್ಸೋ ಚರ್ಮ, ಶುಭಕಾರ್ಯಕ್ಕೆ ಚಪ್ಪರದಾಗೆ ಬರಬಾರ್ದು. ದಾವಣಗೆರೆಯಿಂದ ಒಂದು ಸೈಡ್ ಡ್ರಮ್ ಕರೆಸ್ಕೊಳ್ರಿ, ನಾನೇ ಕೊಡ್ತೀನಿ ಅದರ ಖರ್ಚು."

ಡ್ರಮ್ಮಿಗೂ ಬಿಗಿದಿರುವುದು ಚರ್ಮವೇ. ಆದರೆ ಅದು ಅಂಗಡಿಯಿಂದ ಬಂದದ್ದು, ಇದು ಕೇರಿಯಿಂದ ಬಂದದ್ದು. ಧರ್ಮಪ್ಪನಿಗೆ ಇದು ಹೊಳೆಯದೆ ಇರಲಿಲ್ಲ. ಆದರೂ ಅವನ ಕಣ್ಣ ಮುಂದೆ ಕೆಂಪು ಕೋಟೇ ಕುಣಿಯುತ್ತಿತ್ತು. ಆಗಲಿ ಎಂದು ಒಪ್ಪಿಕೊಂಡು ಬಂದ.

ಮೂಕಪ್ಪನಿಗೆ ಮುಚ್ಚಿಡಲಿಲ್ಲ, ಇದ್ದದ್ದನ್ನು ಹೇಳಿದ. ಹಲಿಗೆ ಬಿಟ್ಟು ಕಂಚಿನ ತಾಳ ಹಿಡಿದುಕೊಂಡು ಬಾ, ನಿನಗೂ ಕೋಟು ಹೊಲಿಸೋಣ ಎಂದು ಬೇಡಿಕೊಂಡ. ಎಷ್ಟು ತಲೆಮಾರು ಅಂತ ಇದನ್ನೇ ಬಡಿಯುತ್ತಾ ಕೂರುವುದು ಎಂದು ರೇಗಿಯೂ ನೋಡಿದ. ಮೂಕಪ್ಪ ಹಲಿಗೆಯ ದಾರ ಬಿಗಿಯುತ್ತಾ ಎಲ್ಲವನ್ನೂ ಕೇಳಿಸಿಕೊಂಡ.

"ಸಾವಿಗೆ ಬಾರ್ಸೋದು ಬ್ಯಾಡ ಅಂದ್ರೆ ನಾಳೆಯಿಂದ್ಲೇ ಬಿಡ್ತೀನಿ. ಅದು ನಂಗೂ ಬ್ಯಾಡ," ಎಂದ. "ಆದ್ರೆ ಹಲಿಗೆ ಏನು ತಪ್ಪು ಮಾಡೈತೆ? ಇದು ನಿಮ್ಮಪ್ಪನ ಕೈ ಕಣೋ. ಇದನ್ನ ಹೊರಗೆ ನಿಲ್ಸಿ ನಾನು ಒಳಗೆ ಬರಾಕಿಲ್ಲ."

ಉತ್ತರ ಸಿಗದವನಿಗೆ ಸಿಟ್ಟು ಬೇಗ ಸಿಗುತ್ತದೆ. ಬರದಿದ್ದರೆ ಬಿಡು ಎಂದು ಧರ್ಮಪ್ಪ ಎದ್ದು ಬಂದ.

ನಲ್ಲೂರಿನ ಮದುವೆಯಲ್ಲಿ ಕೋಟುಗಳು ಚೆನ್ನಾಗಿದ್ದವು. ಚೆನ್ನಾಗಿದ್ದದ್ದು ಅವು ಮಾತ್ರ. ದಾವಣಗೆರೆಯಿಂದ ಬಂದ ಡ್ರಮ್ಮಿನವನು ಕೆಲಸ ಬಲ್ಲವನು, ಮೆರವಣಿಗೆ ಹೇಗೆ ನಡೆಯಬೇಕೋ ಅದೇ ತಾಳವನ್ನು ಒಂದೊಂದೇ ಹೆಜ್ಜೆ ಅಳೆದಂತೆ ಬಾರಿಸಿದ. ಆ ನಿಧಾನದಲ್ಲಿ ಧರ್ಮಪ್ಪನ ಇಷ್ಟು ವರ್ಷದ ತಪ್ಪುಗಳೆಲ್ಲ ಸಾಲಾಗಿ ಹೊರಗೆ ಬಂದವು. ತುತ್ತೂರಿ ಸ್ವರ ಹಿಡಿಯಲಾರದೆ ಒಡೆಯಿತು, ಬೋರಣ್ಣನ ಕ್ಲಾರಿನೆಟ್ಟು ಬಾಲ ತುಳಿಸಿಕೊಂಡ ಬೆಕ್ಕಿನ ಹಾಗೆ ಕಿರುಚಿತು. ಜನ ಇನ್ನೂ ಶ್ರುತಿ ನೋಡಿಕೊಳ್ಳುತ್ತಿದ್ದಾರೆಂದುಕೊಂಡು ಸ್ವಲ್ಪ ಹೊತ್ತು ಕಾದರು. ಮದುಮಗ ಅಲಂಕಾರದ ಕಾರಿನಿಂದ ಬಗ್ಗಿ, ಓಡ್ಸ್ರೋ, ಯಾಕೆ ಹಿಂಗೆ ಅಳ್ತಿದೀರಿ ಎಂದು ಕೇಳಿಯೂ ಕೇಳಿದ. ಓಡಿಸುವವನು ಸವಳಂಗದಲ್ಲಿದ್ದ.

ಅಷ್ಟಾದರೂ ಊಟಕ್ಕೆ ಕೋಟಿನವರನ್ನು ಕೊನೆಯ ಪಂಕ್ತಿಯಲ್ಲಿ ಕೂರಿಸಿದರು. ಬಾಳೆ ಎಲೆ, ಹೋಳಿಗೆ, ತುಪ್ಪ. ತುಪ್ಪ ಬಡಿಸುತ್ತಿದ್ದ ಮುದುಕ ಕೆಟ್ಟವನಲ್ಲ, ಮಾತಿಗೆ ಮಾತು ಎಂಬಂತೆ ಕೇಳಿದ.

"ಯಾವೂರಪ್ಪ? ಯಾರ ಮಗ ನೀನು?"

ಕೋಟು ಹಾಕಿದರೂ ಆ ಪ್ರಶ್ನೆ ತಪ್ಪಲಿಲ್ಲ. ಧರ್ಮಪ್ಪನ ಕೈ ಎಲೆಯ ಮೇಲೇ ನಿಂತಿತು. "ದಾವಣಗೆರೆ ರೀ. ನಮ್ಮಪ್ಪ ಮಿಲ್ಲಿನಾಗಿದ್ರು," ಎಂದ. ಮುದುಕ ಇನ್ನೊಂದು ಹೋಳಿಗೆ ಹಾಕಿ ಮುಂದೆ ಹೋದ. ಬದುಕಿರುವ ಅಪ್ಪನನ್ನು ಇದ್ರು ಎಂದು ಹೇಳಿದ್ದು ತುತ್ತು ಬಾಯಿಗಿಟ್ಟ ಮೇಲೆ ಧರ್ಮಪ್ಪನಿಗೆ ಅರಿವಾಯಿತು. ಆ ಹೋಳಿಗೆಯನ್ನು ಉಗುಳಲೂ ಆಗದೆ ನೀರು ಕುಡಿದು ನುಂಗಿದ.

ಮನೆಗೆ ಬಂದರೆ ಗುತ್ಯಪ್ಪ ಜಗಲಿಯ ಮೇಲೆ ಕಾಯುತ್ತಿದ್ದ. ಬ್ಯಾಂಡು ಹೇಗಾಯಿತೆಂದು ಅವನು ಕೇಳಲಿಲ್ಲ. ಊಟ ಎಲ್ಲಿ ಹಾಕಿದರು ಎಂದು ಕೇಳಿದ. ಪಂಕ್ತಿಯಲ್ಲಿ ಎಂದ ಧರ್ಮಪ್ಪ. ಮುದುಕ ಮಗನ ಕೋಟಿನ ಜರಿಪಟ್ಟಿಯನ್ನು ಬೆರಳಲ್ಲಿ ಸವರಿ ನೋಡಿ, ಕೋಲೂರಿಕೊಂಡು ಹೊರಟೇಬಿಟ್ಟ. ನನ್ನ ಮಗನನ್ನು ನಲ್ಲೂರಿನ ಸಾಹುಕಾರರು ಪಂಕ್ತಿಯಲ್ಲಿ ಕೂರಿಸಿ ಉಣ್ಣಿಸಿದರು ಎಂದು ಮನೆಮನೆಗೂ ಹೋಗಿ ಹೇಳಿಬಂದ. ಒಳಗೆ ಧರ್ಮಪ್ಪ ಗೋಡೆಗೆ ಮುಖ ಮಾಡಿ ಮಲಗಿದ್ದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ, ಆ ಸಂತೋಷವನ್ನು ತಡೆದುಕೊಳ್ಳಲು ಅವನಿಂದ ಆಗಲಿಲ್ಲ.

ಮಾರನೇ ದಿನ ಮೂಕಪ್ಪನ ಮನೆಗೆ ಹೋದರೆ ಬಾಗಿಲಿಗೆ ಚಿಲಕ ಹಾಕಿತ್ತು. ಹೆಂಡತಿಯ ತವರು ಜಗಳೂರಿನ ಕಡೆ ಕೆಲಸಕ್ಕೆ ಹೋದರೆಂದು ಪಕ್ಕದ ಚೌಡಕ್ಕ ಹೇಳಿದಳು. ಬ್ಯಾಂಡು ಅಲ್ಲಿಗೇ ನಿಂತಿತು. ಬೋರಣ್ಣ ಅಕ್ಕಿ ಗಿರಣಿ ಸೇರಿದ. ಧರ್ಮಪ್ಪ ಕೂಲಿಗೆ ಹೋದ. ಮದುವೆಗೆ ಕರೆಯಲು ಬಂದವರಿಗೆ ತುತ್ತೂರಿ ಕೆಟ್ಟಿದೆ ಎಂದು ಹೇಳಿ ಕಳಿಸುತ್ತಿದ್ದ.

ಮುಂದಿನ ವರ್ಷ ಬೋರಣ್ಣ ಗಿರಣಿಯ ಲಾರಿಯಲ್ಲಿ ಜಗಳೂರಿಗೆ ಹೋಗಿ ಬಂದವನು ಒಂದು ಸುದ್ದಿ ತಂದ. ಅಲ್ಲಿ ಹುಡುಗರ ಒಂದು ಹಾಡಿನ ತಂಡವಂತೆ, ಊರೂರು ತಿರುಗುತ್ತಾರಂತೆ, ಕೇರಿ ಕೇರಿಯಲ್ಲೂ ಡ್ರೈವರಣ್ಣನ ಹಾಡೇ ಅಂತೆ. ಹಲಿಗೆ ಯಾರದೆಂದು ಧರ್ಮಪ್ಪ ಕೇಳಬೇಕಾಗಿರಲಿಲ್ಲ. ಅಂಬೇಡ್ಕರ್ ಜಯಂತಿಯ ದಿನ ತುತ್ತೂರಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದ. ಕೋಟು ಗೂಟದಲ್ಲೇ ನೇತಾಡುತ್ತಿತ್ತು.

ಜಗಳೂರಿನ ಬಯಲಿನಲ್ಲಿ ಬಿಸಿಲನ್ನೂ ಲೆಕ್ಕಿಸದೆ ಕಿಕ್ಕಿರಿದ ಜನ. ವೇದಿಕೆಯ ಹಿಂದೆ ಮೂಕಪ್ಪ ಬಗ್ಗಿ ಕೂತು ಹಲಿಗೆ ಕಾಯಿಸುತ್ತಿದ್ದ. ಧರ್ಮಪ್ಪನನ್ನು ನೋಡಿ ಏಳಲಿಲ್ಲ, ಓಡಿಸಲೂ ಇಲ್ಲ. ನಿಮ್ಮಪ್ಪ ಹೆಂಗವನೆ ಎಂದು ಕೇಳಿದ. ಧರ್ಮಪ್ಪ ನಲ್ಲೂರಿನ ಪಂಕ್ತಿಯಲ್ಲಿ ಆಡಿದ ಮಾತನ್ನು, ಯಾರಿಗೂ ಹೇಳದಿದ್ದದ್ದನ್ನು, ಅವನಿಗೆ ಹೇಳಿದ. ಮೂಕಪ್ಪ ಹಲಿಗೆಯನ್ನು ಮಗುಚಿ ಬೆಂಕಿಗೆ ಹಿಡಿದ.

"ಊದಾಕೆ ಬಂದೀಯ?" ಎಂದ. ಹೂಂ ಎಂದ ಧರ್ಮಪ್ಪ. "ಇಲ್ಲಿ ಮೈಕಿನ ಮುಂದೆ ನಿಂತೋರು ಮೊದ್ಲು ಹೆಸರು ಹೇಳ್ಬೇಕು. ಊರು, ಅಪ್ಪನ ಹೆಸರು, ಅಪ್ಪ ಏನು ಮಾಡ್ತಾನೆ ಅಂತ. ಎಲ್ರೂ ಹೇಳ್ತಾರೆ. ಆಗೋದಾದ್ರೆ ಬಾ, ಆಗ್ದಿದ್ರೆ ಕೆಳಗೆ ಕುಂತು ಕೇಳು. ನಾನೇನೂ ಅನ್ನಾಕಿಲ್ಲ."

ತಂಡದ ಹುಡುಗರು ಒಬ್ಬೊಬ್ಬರಾಗಿ ಹೇಳಿದರು. ಒಬ್ಬನ ಅಪ್ಪ ಜೀತಕ್ಕಿದ್ದ, ಒಬ್ಬನ ಅವ್ವ ರಸ್ತೆ ಗುಡಿಸುತ್ತಿದ್ದಳು. ಕೊನೆಯವನಾಗಿ ಧರ್ಮಪ್ಪ ನಿಂತ. ಇಷ್ಟು ಜನ ಒಟ್ಟಿಗೆ ತನ್ನನ್ನು ಆ ಪ್ರಶ್ನೆ ಕೇಳುತ್ತಾರೆಂದು ಅವನು ಕನಸಿನಲ್ಲೂ ನೆನೆಸಿರಲಿಲ್ಲ.

"ನಾನು ಧರ್ಮಪ್ಪ. ಸವಳಂಗ," ಎಂದ. ಮೈಕಿಗೆ ಇನ್ನಷ್ಟು ಹತ್ತಿರ ಸರಿದ. "ಹಲಿಗೆ ಗುತ್ಯಪ್ಪನ ಮಗ. ನಮ್ಮಪ್ಪ ಇದಾನೆ. ಹಲಿಗೆ ಬಾರಿಸ್ತಿದ್ದ. ಈ ಮೂಕಪ್ಪಗೆ ಕಲಿಸಿದೋನು ಅವನೇ."

ಯಾರೂ ನಗಲಿಲ್ಲ. ಯಾರೂ ಏನನ್ನೂ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಮುಂದೆ ಕೂತಿದ್ದ ಒಬ್ಬ ಮುದುಕ ತಲೆಯಾಡಿಸಿ, ಎಲೆಗೆ ಸುಣ್ಣ ಹಚ್ಚುವುದನ್ನು ಮುಂದುವರಿಸಿದ. ಮೂಕಪ್ಪ ಹಲಿಗೆಗೆ ಏಟು ಹಾಕಿಯೇಬಿಟ್ಟ. ಧರ್ಮಪ್ಪ ತುತ್ತೂರಿ ತುಟಿಗೆ ಇಟ್ಟುಕೊಂಡ, ಆದರೆ ಊದಲು ಆಗಲಿಲ್ಲ. ಅಳುವುದಕ್ಕೂ ಉಸಿರೇ ಬೇಕು, ಊದುವುದಕ್ಕೂ ಉಸಿರೇ ಬೇಕು, ಎರಡೂ ಒಟ್ಟಿಗೆ ಆಗುವುದಿಲ್ಲ. ಮೂಕಪ್ಪ ಹಾಡು ಎತ್ತಿಕೊಳ್ಳಲಿಲ್ಲ. ಅವನ ಕಡೆ ನೋಡದೆ, ಅದೇ ತಾಳವನ್ನು ಸುತ್ತು ಹಾಕಿ ಹಾಕಿ ಬಾರಿಸುತ್ತಾ, ಅವನ ಅಳು ಮುಗಿಯುವ ತನಕ ಕಾದ.