ಮುಚ್ಚಲೊಲ್ಲದ ಪರದೆ

ಹೆಂಡತಿಯ ಕಣ್ಣಿನ ಆಪರೇಷನ್ ಮುಗಿದ ಮಧ್ಯಾಹ್ನ, ನಿವೃತ್ತ ಬಸ್ ಡ್ರೈವರ್ ಅವಳ ಕೈ ಹಿಡಿದು ಆಸ್ಪತ್ರೆಯ ಎದುರಿನ ಹೋಟೆಲಿಗೆ ಕರೆತಂದ. ಮರುದಿನ ಡಾಕ್ಟರು ಮತ್ತೆ ನೋಡಬೇಕಿತ್ತು. ಒಂದು ಕಣ್ಣಿಗೆ ಪಟ್ಟಿ; ಇನ್ನೊಂದು ಮೊದಲಿಂದಲೂ ಮಸುಕು. ಜೋರು ಬೆಳಕು ಬೀಳದ ಹಾಗೆ ನೋಡಿಕೊಳ್ಳಿ ಎಂದು ನರ್ಸ್ ಒತ್ತಿ ಒತ್ತಿ ಹೇಳಿದ್ದಳು. ಹೋಟೆಲ್ ಗೊತ್ತುಮಾಡಿದ್ದು ಅಳಿಯ. "ಹೊಸದು ಮಾವ, ಎಲ್ಲಾ ತಾನಾಗೇ ಆಗುತ್ತೆ" ಎಂದಿದ್ದ.

ತಾನಾಗೇ ಆಯಿತು. ಬಾಗಿಲು ತೆರೆದದ್ದೇ ತಡ, ಕಿಟಕಿಯ ಪರದೆ ಸರ್ರನೆ ಸರಿದು ಬಿಸಿಲು ಒಳನುಗ್ಗಿತು. ದೀಪಗಳೆಲ್ಲ ಹೊತ್ತಿಕೊಂಡವು.

"ರೀ, ಮೊದಲು ಅದನ್ನ ಮುಚ್ರೀ!" ಅವಳು ಅಂಗೈಗಳಲ್ಲಿ ಮುಖ ಮುಚ್ಚಿಕೊಂಡಳು.

ಅವನು ಗೋಡೆ ತಡಕಿದ. ಒಂದೂ ಸ್ವಿಚ್ಚಿಲ್ಲ. ಮಂಚದ ಪಕ್ಕ ನುಣ್ಣನೆಯ ಗಾಜಿನ ಫಲಕ, ಅದರಲ್ಲಿ ಸೊಳ್ಳೆಯಷ್ಟು ಸಣ್ಣ ಚಿತ್ರಗಳು. ಒಂದನ್ನು ಒತ್ತಿದರೆ ಏಸಿ ಬುಸುಗುಟ್ಟಿತು, ಇನ್ನೊಂದಕ್ಕೆ ಟೀವಿ ಅರಚಿತು. ಪರದೆಯನ್ನು ಕೈಯಲ್ಲೇ ಎಳೆದ. ಬಿಟ್ಟ ಕೂಡಲೇ ಅದು ಗುರ್ ಎಂದು ವಾಪಸ್ ಹೋಯಿತು.

"ಬಾಯಲ್ಲಿ ಹೇಳಿದ್ರೆ ಕೇಳುತ್ತಂತಲ್ಲ, ಹೇಳಿ ನೋಡಿ" ಎಂದಳು ಹೆಂಡತಿ.

"ಪರದೆ ಮುಚ್ಚು."

"ಕ್ಷಮಿಸಿ, ಅರ್ಥವಾಗಲಿಲ್ಲ" ಎಂದಿತು ಗೋಡೆ.

"ಮುಚ್ಚೇ ತಾಯಿ!"

"ತಾಯಿಯ ಹಾಡುಗಳನ್ನು ಹಾಕುತ್ತಿದ್ದೇನೆ."

ಅವನ ನೆತ್ತಿ ಬಿಸಿಯಾಯಿತು. ಅವಳನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿ, ದಡದಡನೆ ಕೆಳಗಿಳಿದ.

"ಸರ್, ಆ್ಯಪ್‌ನಲ್ಲಿ ಕಂಪ್ಲೇಂಟ್ ಹಾಕಿ, ಟೆಕ್ನಿಷಿಯನ್ ಬರ್ತಾರೆ" ಎಂದಳು ರಿಸೆಪ್ಷನ್ ಹುಡುಗಿ.

"ನಾನೇ ಬಂದು ನಿಂತಿದೀನಲ್ಲಮ್ಮ! ಬೇರೆ ರೂಮಾದ್ರೂ ಕೊಡು."

"ಎಲ್ಲಾ ರೂಮೂ ಹೀಗೇ ಸರ್. ಗೆಸ್ಟ್‌ಗಳಿಗೆ ತುಂಬಾ ಇಷ್ಟ."

"ಯಾರಿಗಮ್ಮ ಇಷ್ಟ?" ಎಂದಿತು ಹಿಂದಿನಿಂದ ಒಂದು ದನಿ. ಸೊಂಟಕ್ಕೆ ಟವೆಲ್, ತಲೆ ತುಂಬ ಸೋಪಿನ ನೊರೆ. "ಅರ್ಧ ಸ್ನಾನಕ್ಕೆ ನೀರು ನಿಲ್ಲಿಸಿ, ಸ್ನಾನ ಹೇಗಿತ್ತು ಅಂತ ಕೇಳ್ತಿದೆ!"

ಮೇಲೆ ಬಂದರೆ ಹೆಂಡತಿ ಕೋಣೆಯಲ್ಲಿಲ್ಲ. ಡ್ರೈವರ್ ಅವಳನ್ನು ಕೂಗಿದ.

"ಇಲ್ಲಿದೀನ್ರೀ" ಎಂಬ ದನಿ ಬಚ್ಚಲಿನಿಂದ ಬಂತು. "ಇಲ್ಲಿ ಕಿಟಕಿ ಇಲ್ಲ."

ಗೋಡೆ ಸವರುತ್ತ ಹೋಗಿ, ಕಮೋಡಿನ ಮುಚ್ಚಳದ ಮೇಲೆ ಕೂತಿದ್ದಳು. ಅವನು ಒಳಗೆ ಕಾಲಿಟ್ಟ ಕೂಡಲೇ ದೀಪ ಝಗ್ಗೆಂದಿತು.

"ಅಲ್ಲಾಡ್ಬೇಡಿ! ಸುಮ್ನಿದ್ರೆ ಆರಿಹೋಗುತ್ತೆ."

ಅವನು ನೆಲದ ಮೇಲೆ ಕೂತ. ದೀಪ ಆರಿತು. ಕಾಲು ಜೋಮು ಹಿಡಿದು ಸರಿಸಿದರೆ ಮತ್ತೆ ಹೊತ್ತಿತು. ಕತ್ತಲಲ್ಲಿ ಹಲ್ಲು ಕಚ್ಚಿಕೊಂಡು ಕಲ್ಲಿನಂತೆ ಕೂತ. "ದುಡಿದು ದುಡಿದು ಈ ವಯಸ್ಸಿಗೆ ಬಚ್ಚಲಲ್ಲಿ ಕೂರೋ ಹಾಗಾಯ್ತು" ಎಂದು ಗೊಣಗಿದ.

"ಬಾಯಿ ಆಡಿಸಿದ್ರೂ ಹತ್ತುತ್ತೇನೋ, ಸುಮ್ನಿರಿ" ಎಂದಳು ಅವಳು. ದನಿಯಲ್ಲಿ ನಗುವಿತ್ತೋ ಅಳುವಿತ್ತೋ ಅವನಿಗೆ ತಿಳಿಯಲಿಲ್ಲ.

ಬಿಸಿಲು ಇಳಿದ ಮೇಲೆ, ರಿಸೆಪ್ಷನ್ ಹುಡುಗಿ ಟೀವಿ, ದೀಪ ಎಂದಷ್ಟೇ ಹಾಕಿದ್ದ ಕಂಪ್ಲೇಂಟಿಗೆ ಟೆಕ್ನಿಷಿಯನ್ ಬಂದ. ಮೊಬೈಲ್ ತೀಡಿ ಟೀವಿ ನಿಲ್ಲಿಸಿ, ದೀಪ ತಗ್ಗಿಸಿದ.

"ಪರದೆ ಮೋಟಾರೂ ನಿಲ್ಲಿಸಪ್ಪ. ಬೆಳಿಗ್ಗೆ ಮತ್ತೆ ಬೆಳಕು ಬರುತ್ತೆ."

"ಅದಕ್ಕೆ ಬೇರೆ ಕಂಪ್ಲೇಂಟ್ ಹಾಕ್ಬೇಕು ಸರ್."

ಡ್ರೈವರ್ ಕುರ್ಚಿ ಎಳೆದು ಹತ್ತಿ, ಪರದೆಯ ಮೇಲಿನ ಮೋಟಾರಿನ ವೈರನ್ನು ಕಿತ್ತ. ಪರದೆಯನ್ನು ಎರಡೂ ಕೈಯಲ್ಲಿ ಎಳೆದು ಮುಚ್ಚಿದ. ಈ ಸಲ ಅದು ವಾಪಸ್ ಹೋಗಲಿಲ್ಲ.

"ಸರ್, ಇದು ಹೋಟೆಲ್ ಪ್ರಾಪರ್ಟಿ!"

"ಆ್ಯಪ್‌ನಲ್ಲಿ ಕಂಪ್ಲೇಂಟ್ ಹಾಕ್ಕೋ ಹೋಗು" ಎಂದು ಬಾಗಿಲು ಹಾಕಿಕೊಂಡು, ಹೆಂಡತಿಯನ್ನು ಮಂಚಕ್ಕೆ ಕರೆತಂದ.